ಮಗಳು ಚೆಂಡು ಹಿಡಿದಾಗ
(ರಾಜ್ಯೋತ್ಸವ ಸಮಾರಂಭದಲ್ಲಿ ಆಡಿದ ಮಾತು)



ನಾನು ಈಸ್ಟ್ ಹ್ಯಾಮ್ ಕಡೆ ಬಸ್ ಓಡಿಸೋನು. ನನ್ನ ಮಗಳಿಗೆ ಬ್ಯಾಸ್ಕೆಟ್‌ಬಾಲ್ ಅಂದ್ರೆ ಊಟ ನೆನಪಾಗಲ್ಲ. "ಆಟ ಆಡಿದ್ರೆ ಹೊಟ್ಟೆಗೆ ಹಿಟ್ಟು ಸಿಗುತ್ತಾ?" ಅಂತ ಎಷ್ಟೋ ಸಲ ಬೈದಿದ್ದೆ.

2024ರ ಏಪ್ರಿಲ್‌ನಲ್ಲಿ ಅವಳೇ ನನ್ನನ್ನು ಸ್ಟ್ರಾಟ್‌ಫರ್ಡ್‌ನ ಕಾಪರ್ ಬಾಕ್ಸ್‌ಗೆ ಎಳ್ಕೊಂಡು ಹೋದಳು. ಅಂದು ಲಂಡನ್ ಲಯನ್ಸ್ ಮಹಿಳಾ ತಂಡ ಟರ್ಕಿಯ ಬೆಶಿಕ್ತಾಶ್ ತಂಡವನ್ನು ಮಣಿಸಿ ಯೂರೋಕಪ್ ಗೆದ್ದಿತು. ಬ್ರಿಟನ್ನಿನ ಯಾವ ಬ್ಯಾಸ್ಕೆಟ್‌ಬಾಲ್ ತಂಡವೂ ಅದುವರೆಗೆ ಇಂಥ ಯುರೋಪಿಯನ್ ಕಪ್ ಗೆದ್ದಿರಲಿಲ್ಲ.

ಆ ತಂಡದಲ್ಲಿ ಟೆಮಿ ಫಗ್‌ಬೆನ್ಲೆ ಇದ್ದರು. ನೈಜೀರಿಯಾ ಮೂಲದ ಮನೆಯವರು, ಲಂಡನ್ನಿನಲ್ಲಿ ಬೆಳೆದವರು. ಹದಿಹರೆಯದಲ್ಲೇ ಅಮೆರಿಕಕ್ಕೆ ಹೋಗಿ, ಹಾರ್ವರ್ಡ್‌ನಲ್ಲಿ ಓದಿ, 2017ರಲ್ಲಿ ಮಿನೆಸೋಟ ಲಿಂಕ್ಸ್ ತಂಡದೊಂದಿಗೆ ಡಬ್ಲ್ಯುಎನ್‌ಬಿಎ ಪ್ರಶಸ್ತಿ ಗೆದ್ದರು. ಆ ಲೀಗ್ ನಡೆಯೋದು ಬೇಸಿಗೆಯಲ್ಲಿ. ಚಳಿಗಾಲ ಬಂದರೆ ಎಷ್ಟೋ ಆಟಗಾರ್ತಿಯರು ಯುರೋಪಿನಲ್ಲಿ ದುಡೀತಾರೆ. ಹೊಸ ಊರು, ಗೊತ್ತಿಲ್ಲದ ಭಾಷೆ, ಸೀಸನ್ ಲೆಕ್ಕದ ಕರಾರು, ಮಂಡಿ ಕೈಕೊಟ್ಟರೆ ಮುಂದೇನು ಅನ್ನೋ ಭಯ. ನಮ್ಮ ವೀಸಾ ಬದುಕೇ ಅಲ್ವೇನ್ರೀ ಇದು?

ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಕೂಡ ಆಟದ ಬಲದಿಂದಲೇ ಸ್ಕಾಲರ್‌ಶಿಪ್ ಪಡೆದು ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯ ಸೇರಿದರು. ಅಂದಮೇಲೆ ಆಟ, ಓದು ಜೊತೆಜೊತೆಗೇ ಸಾಗಬಹುದು.

ಅವತ್ತು ಮನೆಗೆ ಬರುವಾಗ ಮಗಳು ಕೇಳಿದಳು: "ಅಪ್ಪಾ, ನೀನು ಊರು ಬಿಡುವಾಗ ತಾತನೂ ಬೇಡ ಅಂದಿದ್ರಲ್ವಾ?" ನನ್ನ ಬಾಯಿ ಕಟ್ಟಿಹೋಯಿತು.

ಈಗ ಶನಿವಾರದ ಓವರ್‌ಟೈಮ್ ಬಿಟ್ಟು ಅವಳನ್ನು ಅಭ್ಯಾಸಕ್ಕೆ ಕರೆದೊಯ್ಯುತ್ತೇನೆ. ಓದೂ ನಡೀಬೇಕು ಅನ್ನೋ ಷರತ್ತು ಇದ್ದೇ ಇದೆ. ನಿಮ್ಮ ಮನೆಯಲ್ಲೂ ಇಂಥ ಮಗಳಿದ್ದರೆ, ಬೈಯುವ ಮೊದಲು ಒಂದು ಸಲ ಹೋಗಿ ಅವಳ ಆಟ ನೋಡಿ.