ಎದ್ದು ನಿಂತು ಲೆಕ್ಕ ಕೇಳಿ

2022ರ ಮಾರ್ಚ್ ತಿಂಗಳು. ಶ್ರೀಲಂಕಾದ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಮಕ್ಕಳು ಪರೀಕ್ಷೆಗೆಂದು ಓದಿ ಕೂತಿದ್ದರು. ಪರೀಕ್ಷೆ ನಡೆಯಲಿಲ್ಲ. ಚಂಡಮಾರುತ ಬಂದಿರಲಿಲ್ಲ, ಯುದ್ಧ ನಡೆಯುತ್ತಿರಲಿಲ್ಲ, ಪ್ರಶ್ನೆಪತ್ರಿಕೆ ಸೋರಿಕೆಯೂ ಆಗಿರಲಿಲ್ಲ. ಆ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ಕಾಗದವೇ ಇರಲಿಲ್ಲ. ಹೊರಗಿನಿಂದ ಕಾಗದ, ಶಾಯಿ ತರಿಸೋಣವೆಂದರೆ ದೇಶದ ಕೈಯಲ್ಲಿ ಡಾಲರ್ ಇರಲಿಲ್ಲ.

ತರುಣ ಮಿತ್ರರೇ, ಈ ಸಂಗತಿಯನ್ನು ಒಮ್ಮೆ ನಿಮ್ಮ ಮನೆಯೊಳಗೆ ತಂದು ನೋಡಿ. ವರ್ಷವಿಡೀ ಓದಿದ ನಿಮ್ಮ ತಂಗಿಗೆ, 'ಕಾಗದ ಇಲ್ಲವಂತೆ ಕಣಮ್ಮ, ಪರೀಕ್ಷೆ ಮುಂದಕ್ಕೆ ಹೋಯಿತು' ಎಂದು ಹೇಳಬೇಕಾಗಿ ಬಂದರೆ? ದೇಶವೊಂದು ದಿವಾಳಿಯೇಳುವುದೆಂದರೆ ಇದೇ. ಅದು ಮೊದಲು ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಸಣ್ಣ ಅಕ್ಷರದ ಅಂಕಿಗಳಾಗಿ ಬರುತ್ತದೆ, ನಾವು ಆ ಪುಟ ಮಗುಚಿ ಕ್ರಿಕೆಟ್ಟಿನ ಪುಟಕ್ಕೆ ಹೋಗುತ್ತೇವೆ. ಮತ್ತೆ ಬರುತ್ತದೆ, ಮತ್ತೆ ಮಗುಚುತ್ತೇವೆ. ಕೊನೆಗೊಂದು ದಿನ ಆ ಅಂಕಿಗಳು ಪುಟ ಬಿಟ್ಟು ಎದ್ದು ಬಂದು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುತ್ತವೆ. ಆಗ ಮಗುಚಲು ಪುಟವಿರುವುದಿಲ್ಲ.

ಶ್ರೀಲಂಕಾ ಹಿಂದುಳಿದ ದೇಶವೆಂದು ಯಾರೂ ತಿಳಿಯಬೇಡಿ. 1945ರಿಂದಲೇ ಅಲ್ಲಿ ಉಚಿತ ಶಿಕ್ಷಣವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆಯಿದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಓದು ಬರಹ ಬಲ್ಲವರು, ಸರಾಸರಿ ಆಯುಷ್ಯದಲ್ಲಿ ನಮಗಿಂತ ಮುಂದಿರುವವರು. ಇಂಥ ನಾಡಿನಲ್ಲಿ ದಿನಕ್ಕೆ 13 ಗಂಟೆ ಕರೆಂಟು ಹೋಯಿತು. ಪೇರಾದೆಣಿಯ ಆಸ್ಪತ್ರೆಯಲ್ಲಿ ಔಷಧಿ ಇಲ್ಲದೆ, ಮೊದಲೇ ಗೊತ್ತುಮಾಡಿದ್ದ ಶಸ್ತ್ರಚಿಕಿತ್ಸೆಗಳನ್ನು ನಿಲ್ಲಿಸಬೇಕಾಯಿತು. ಗ್ಯಾಸ್ ಸಿಲಿಂಡರ್ ಸಿಗದೆ ಕೊಲಂಬೊದ ಮನೆಗಳಲ್ಲಿ ಜನ ಸೌದೆ ಹುಡುಕಿದರು. ಸೀಮೆಎಣ್ಣೆಗೆ, ಪೆಟ್ರೋಲಿಗೆ ಖಾಲಿ ಕ್ಯಾನು ಹಿಡಿದು ಉರಿಬಿಸಿಲಲ್ಲಿ ಗಂಟೆಗಟ್ಟಲೆ ನಿಂತ ಮುದುಕರಲ್ಲಿ ಕೆಲವರು ಆ ಸಾಲಿನಲ್ಲೇ ಕುಸಿದು ಪ್ರಾಣ ಬಿಟ್ಟರು. ಜೀವಮಾನವೆಲ್ಲ ದುಡಿದು ತೆರಿಗೆ ಕಟ್ಟಿದವರು, ಒಂದು ಕ್ಯಾನು ಎಣ್ಣೆಗಾಗಿ.

ಮಾರ್ಚ್ ಮೊದಲ ವಾರದಲ್ಲಿ ಒಂದು ಡಾಲರಿಗೆ ಸುಮಾರು 200 ಶ್ರೀಲಂಕಾ ರೂಪಾಯಿ ಇತ್ತು. ಮೇ ಹೊತ್ತಿಗೆ 360ರ ಆಸುಪಾಸು. ಸೆಪ್ಟೆಂಬರಿನಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ನೂರಕ್ಕೆ ಸುಮಾರು 90ರಷ್ಟು ಮೇಲೇರಿತ್ತು. ಬೆಟ್ಟದ ಚಹಾ ತೋಟದಲ್ಲಿ ಎಲೆ ಕೀಳುವ ಹೆಣ್ಣುಮಕ್ಕಳು ವರ್ಷಾನುಗಟ್ಟಲೆ ಹೋರಾಡಿ 2021ರಲ್ಲಿ ದಿನಗೂಲಿಯನ್ನು 1000 ರೂಪಾಯಿಗೆ ಏರಿಸಿಕೊಂಡಿದ್ದರು. ಒಂದೇ ವರ್ಷದಲ್ಲಿ ಬೆಲೆ ಆ ಗೆಲುವನ್ನು ನುಂಗಿ ನೀರು ಕುಡಿಯಿತು. ಯಾರೂ ಅವರ ಕೂಲಿ ಕಡಿಮೆ ಮಾಡಲಿಲ್ಲ. ಆದರೂ ಕೂಲಿ ಕಡಿಮೆಯಾಯಿತು. ಹಣದುಬ್ಬರ ಎಂಬ ಶಬ್ದವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವಲ್ಲ, ಅದರ ನಿಜವಾದ ಅರ್ಥ ಆ ಹೆಣ್ಣುಮಕ್ಕಳ ಅಕ್ಕಿ ಡಬ್ಬಿಯ ತಳದಲ್ಲಿದೆ. ವಿಶ್ವಬ್ಯಾಂಕಿನ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಬಡವರ ಪ್ರಮಾಣ ನೂರಕ್ಕೆ 13ರಿಂದ 25ಕ್ಕೆ ಏರಿತು.

ಇದೆಲ್ಲ ಆದದ್ದು ಹೇಗೆ? ಒಂದೇ ರಾತ್ರಿಯಲ್ಲಿ ಆದದ್ದಲ್ಲ. ವರ್ಷಗಳಿಂದ ಸಾಲ ತಂದು, ಆ ಸಾಲದಲ್ಲಿ ಬಡ್ಡಿಗೂ ಸಾಲದಷ್ಟು ಗಳಿಕೆಯ ಬಂದರು, ವಿಮಾನ ನಿಲ್ದಾಣ ಕಟ್ಟಿದರು. 2019ರ ಈಸ್ಟರ್ ಭಾನುವಾರ ಬಾಂಬ್ ದಾಳಿಗೆ 250ಕ್ಕೂ ಹೆಚ್ಚು ಜನ ಬಲಿಯಾದರು, ಪ್ರವಾಸಿಗರು ಬರುವುದು ಕಡಿಮೆಯಾಯಿತು. ಅದೇ ವರ್ಷದ ಕೊನೆಯಲ್ಲಿ ಹೊಸ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ 8ಕ್ಕೆ ಇಳಿಸಿತು. ಬೊಕ್ಕಸಕ್ಕೆ ಬರುವುದು ಕುಗ್ಗಿತು, ಖರ್ಚು ಕುಗ್ಗಲಿಲ್ಲ. ಹಿಂದೆಯೇ ಕೋವಿಡ್ ಬಂತು.

2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಷೇಧಿಸಿದರು. ಇಡೀ ದೇಶ ಒಮ್ಮೆಲೇ ಸಾವಯವ ಕೃಷಿಗೆ ಇಳಿಯಬೇಕಂತೆ! ಸಾವಯವ ಕೃಷಿಯನ್ನು ಮನಸಾರೆ ಮೆಚ್ಚುವ ನಾನೇ ಹೇಳುತ್ತೇನೆ: ಅದು ಮಣ್ಣಿನ ಜೊತೆ ಕೂತು ವರ್ಷಾನುಗಟ್ಟಲೆ ಮಾಡಬೇಕಾದ ಕೆಲಸ. ಹಟ್ಟಿಯಲ್ಲಿ ಗೊಬ್ಬರ ಕಳಿಯಲಿಕ್ಕೇ ತಿಂಗಳುಗಳು ಬೇಕು, ಬಡವಾದ ಮಣ್ಣು ಚೇತರಿಸಿಕೊಳ್ಳಲು ಇನ್ನೆಷ್ಟು ಬೇಕೆಂದು ನಮ್ಮ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಅಲ್ಲಿನ ರೈತರನ್ನು ಯಾರೂ ಕೇಳಲಿಲ್ಲ. ಭತ್ತದ ಇಳುವರಿ ಬಿತ್ತು, ಚಹಾ ಬಿತ್ತು. ಉಣ್ಣುವ ಅನ್ನ, ಡಾಲರ್ ತರುವ ಬೆಳೆ ಎರಡಕ್ಕೂ ಒಟ್ಟಿಗೆ ಪೆಟ್ಟು ಬಿದ್ದಿತು. ನವೆಂಬರಿನಲ್ಲಿ ನಿಷೇಧ ಹಿಂತೆಗೆದುಕೊಳ್ಳುವಷ್ಟರಲ್ಲಿ ಕಾಲ ಮಿಂಚಿತ್ತು. 2019ರ ಕೊನೆಗೆ 760 ಕೋಟಿ ಡಾಲರ್ ಇದ್ದ ವಿದೇಶಿ ವಿನಿಮಯದ ಗಂಟಿನಲ್ಲಿ, 2022ರ ಮೇ ಹೊತ್ತಿಗೆ ಬಳಸಲು ಉಳಿದದ್ದು 5 ಕೋಟಿಗೂ ಕಡಿಮೆ. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ ದೇಶ ಹೊರಸಾಲ ತೀರಿಸಲಾರೆನೆಂದು ಕೈಯೆತ್ತಿತು.

ಸಾಲಕ್ಕೆ ಸಹಿ ಬಿದ್ದಾಗ ಯಾರು ಕೇಳಿದರು? ತೆರಿಗೆ ಇಳಿದಾಗ, ಈ ಹಳ್ಳ ತುಂಬುವುದು ಹೇಗೆಂದು ಯಾರು ಕೇಳಿದರು? ಎಚ್ಚರಿಸಿದ ಅರ್ಥಶಾಸ್ತ್ರಜ್ಞರಿದ್ದರು, ಕೃಷಿ ವಿಜ್ಞಾನಿಗಳಿದ್ದರು, ಇಲ್ಲವೆಂದಲ್ಲ. ಅವರ ದನಿಗೆ ದನಿಗೂಡಿಸಬೇಕಾದ ಲಕ್ಷಾಂತರ ಗಂಟಲುಗಳು ಸುಮ್ಮನಿದ್ದವು. ಆ ಸುಮ್ಮನಿರುವಿಕೆಯೇ ನನ್ನ ನಿದ್ದೆ ಕೆಡಿಸುವ ಸಂಗತಿ, ಏಕೆಂದರೆ ಅದು ನಮಗೆ ಚೆನ್ನಾಗಿ ಪರಿಚಯವಿರುವ ಸಂಗತಿ.

ನಮಗೂ ಆ ಅಂಚು ಹೊಸದೇನಲ್ಲ. 1991ರಲ್ಲಿ ನಮ್ಮ ದೇಶದ ಬಳಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ಹಣ ಉಳಿದಿತ್ತು. ಆ ಬೇಸಿಗೆಯಲ್ಲಿ ಮೊದಲು 20 ಟನ್ ಚಿನ್ನ ಸ್ವಿಟ್ಜರ್ಲೆಂಡಿಗೆ ಹೋಯಿತು, ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಸಾಗಿಸಿ ಬ್ಯಾಂಕ್ ಆಫ್ ಇಂಗ್ಲೆಂಡ್, ಬ್ಯಾಂಕ್ ಆಫ್ ಜಪಾನಿನಲ್ಲಿ ಅಡವಿಟ್ಟು ಸಾಲ ತಂದೆವು. ಮನೆಯ ಚಿನ್ನ ಅಡವಿಡುವ ದಿನ ಅಮ್ಮನ ಮುಖ ಹೇಗಿರುತ್ತದೆಂದು ನೋಡಿದ್ದೀರಾ? ಕೋಲಾರದ ಗಣಿಯಲ್ಲಿ ಅಷ್ಟು ಆಳಕ್ಕಿಳಿದು ಚಿನ್ನ ತೆಗೆದ ಮಂದಿಯ ನಾಡು ನಮ್ಮದು. ಒಂದೊಂದು ಗ್ರಾಮಿನ ಬೆಲೆ ನಮಗೆ ಗೊತ್ತು. ಅಂದು ನಾವು ಬಚಾವಾದೆವು, ತಿದ್ದಿಕೊಂಡೆವು, ಬೆಳೆದೆವು. ಮೂವತ್ತೊಂದು ವರ್ಷಗಳ ಮೇಲೆ ಅದೇ ದೇಶ ಶ್ರೀಲಂಕಾಕ್ಕೆ ಇಂಧನ, ಅಕ್ಕಿ, ಔಷಧಿಗಾಗಿ ಸುಮಾರು 400 ಕೋಟಿ ಡಾಲರಿನ ನೆರವು ನೀಡಿ ಕೈಹಿಡಿಯಿತು. ಬಿದ್ದವರು ಏಳಬಲ್ಲರು ಎನ್ನುವುದಕ್ಕೆ ನಾವೇ ಸಾಕ್ಷಿ.

ಅಲ್ಲಿನ ತರುಣರ ಮಾತಿಗೆ ಬರುತ್ತೇನೆ. 2022ರ ಏಪ್ರಿಲ್ 9ರಂದು ಕೊಲಂಬೊದ ಗಾಲ್ ಫೇಸ್ ಕಡಲ ತೀರದಲ್ಲಿ ಅವರು ಸೇರಿದರು. ಡೇರೆ ಹಾಕಿ ಅದಕ್ಕೊಂದು ಊರಿನ ಹೆಸರಿಟ್ಟರು. ಆ ಡೇರೆಗಳ ಊರಿನಲ್ಲಿ ಪುಸ್ತಕ ಜೋಡಿಸಿ ಗ್ರಂಥಾಲಯ ಮಾಡಿದರು, ಅಡುಗೆ ಮಾಡಿ ಬಡಿಸಿದರು. ಮೂರು ದಶಕ ಸಿಂಹಳ-ತಮಿಳು ದ್ವೇಷದಲ್ಲಿ ರಕ್ತ ಹರಿದ ನೆಲದಲ್ಲಿ ಸಿಂಹಳರು, ತಮಿಳರು, ಮುಸ್ಲಿಮರು ಒಂದೇ ಸಾಲಿನಲ್ಲಿ ಕೂತರು. ರಂಜಾನಿನ ಸಂಜೆ ಉಪವಾಸ ಬಿಡುವ ಹೊತ್ತಿಗೆ ಒಟ್ಟಿಗೆ ಉಂಡರು. ಮಳೆ ಬಂತು, ನೆನೆದರು. ಹೊಡೆತ ಬಿತ್ತು, ತಿಂದರು. ಜುಲೈ 14ರಂದು ದೇಶ ಬಿಟ್ಟು ಓಡಿದ್ದ ಅಧ್ಯಕ್ಷ ಸಿಂಗಾಪುರದಿಂದ ರಾಜೀನಾಮೆ ಕಳಿಸಿದರು. ಮರುವರ್ಷ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ, ಈ ಕುಸಿತಕ್ಕೆ ಆಳಿದವರು ಹೊಣೆ ಎಂದು ತೀರ್ಪಿತ್ತಿತು. ನಿರಾಯುಧ ತರುಣರ ಬಲ ಎಷ್ಟೆಂದು ಆ ಕಡಲ ತೀರ ನೋಡಿತು.

ಆದರೆ ನೋವಿನಿಂದಲೇ ಇನ್ನೊಂದು ಮಾತು ಹೇಳಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಲೆಕ್ಕ ಕೇಳುವ ಆ ಪ್ರಶ್ನೆ ಎದ್ದದ್ದು ಒಲೆ ಆರಿದ ಮೇಲೆ. ಅಷ್ಟು ಹೊತ್ತಿಗೆ ಪಾಸ್‌ಪೋರ್ಟ್ ಕಚೇರಿಯ ಮುಂದಿನ ಸಾಲು ಪೆಟ್ರೋಲ್ ಬಂಕಿನ ಸಾಲಿನಷ್ಟೇ ಉದ್ದವಾಗಿತ್ತು. ಆ ಒಂದೇ ವರ್ಷದಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಕೆಲಸ ಹುಡುಕಿ ಹೊರದೇಶಕ್ಕೆ ಹೋದರು. ದಾದಿಯರು, ವೈದ್ಯರು, ಎಂಜಿನಿಯರುಗಳು, ಗಾರೆ ಕೆಲಸದವರು. ಡಾಲರ್ ಮತ್ತೆ ಬಂದೀತು. ಇಪ್ಪತ್ತೈದರ ಹರೆಯದ ಮಗ ಕೊಲ್ಲಿ ದೇಶದಲ್ಲಿ ಕಳೆದ ವರ್ಷಗಳು ಆ ತಾಯಿಗೆ ಮತ್ತೆ ಬರುತ್ತವೆಯೇ?

ಹಾಗಾದರೆ ಒಲೆ ಉರಿಯುತ್ತಿರುವಾಗಲೇ ಕೇಳುವುದು ಹೇಗೆ? ಎಲ್ಲಿ ಕೇಳುವುದು?

ನಮ್ಮಲ್ಲಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ, ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ, ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷ ಬಂದದ್ದೆಷ್ಟು, ಹೋದದ್ದೆಷ್ಟು, ಯಾವ ಚರಂಡಿಗೆ, ಯಾವ ರಸ್ತೆಗೆ ಎಂದು ಊರವರ ಮುಂದೆ ಓದಬೇಕು. ನಾನೊಮ್ಮೆ ಹೋಗಿ ಕೂತಿದ್ದೆ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು ಸಾಲು ಸಾಲಾಗಿದ್ದವು, ಮುಕ್ಕಾಲು ಪಾಲು ಖಾಲಿ. ಮೈಕಿನಲ್ಲಿ ಒಬ್ಬರು ಗಡಿಬಿಡಿಯಲ್ಲಿ ಲೆಕ್ಕ ಓದುತ್ತಿದ್ದರು. ಹಿಂದಿನ ಸಾಲಿನಿಂದ ಸ್ತ್ರೀಶಕ್ತಿ ಸಂಘದ ಹಿರಿಯಳೊಬ್ಬಳು ಸೆರಗು ಸರಿಮಾಡಿಕೊಂಡು ಎದ್ದಳು. 'ನಿಲ್ಲಿಸ್ರಪ್ಪ ಒಂದು ನಿಮಿಷ. ನಮ್ಮ ಬೀದಿ ಬೋರ್‌ವೆಲ್ ಮೋಟಾರು ಎರಡು ಸಲ ರಿಪೇರಿ ಅಂತ ಓದಿದ್ರಲ್ಲ, ನಾನು ಆ ಬೋರ್ ಎದುರುಗಡೆ ಮನೆಯವಳು. ಮೋಟಾರು ಮೇಲಕ್ಕೆತ್ತಿದ್ದು ಒಂದೇ ಸಲ.'

ಮೈಕು ಸುಮ್ಮನಾಯಿತು. ಓದುತ್ತಿದ್ದವರು ಹಾಳೆ ಹಿಂದಕ್ಕೆ ತಿರುವಿದರು.

ವಾರಕ್ಕಿಷ್ಟೆಂದು ಉಳಿತಾಯ ಕಟ್ಟಿ, ಸಂಘದ ಪುಸ್ತಕದಲ್ಲಿ ಒಂದು ರೂಪಾಯಿ ಆಚೀಚೆಯಾದರೂ ರಾತ್ರಿಯಿಡೀ ಕೂತು ಹುಡುಕಿದ ಕೈ ಅದು. ಸಾವಿರಾರು ಕೋಟಿಯ ಬಜೆಟ್ಟನ್ನು ಕೇಳುವ ಪ್ರಶ್ನೆಯೂ ಅದೇ: ಎತ್ತಿದ್ದು ಎಷ್ಟು ಸಲ, ಬರೆದದ್ದು ಎಷ್ಟು ಸಲ? ಆದರೆ ಆ ಶಾಮಿಯಾನದ ಕೆಳಗೆ ಇಪ್ಪತ್ತೈದರ ಒಳಗಿನವರು ಒಬ್ಬರೂ ಇರಲಿಲ್ಲ. ಎಲ್ಲಿದ್ದಿರಿ ನೀವು? ಕ್ಷಣಾರ್ಧದಲ್ಲಿ ಜಗತ್ತಿನ ಯಾವ ಮೂಲೆಯ ಅಂಕಿಯನ್ನೂ ಮೊಬೈಲಿನಲ್ಲಿ ತೆರೆಯಬಲ್ಲ ನೀವು, ಬಿ.ಕಾಂ. ಓದಿ ತಾಳೆಪಟ್ಟಿ ಬಿಡಿಸಬಲ್ಲ ನೀವು, ಒಂದು ವಾಟ್ಸ್‌ಆ್ಯಪ್ ಗುಂಪಿನಿಂದ ಊರ ತುಂಬ ಜನ ಸೇರಿಸಬಲ್ಲ ನೀವು, ನಿಮ್ಮದೇ ಬೀದಿಯ ಲೆಕ್ಕ ಓದುವಾಗ ಎಲ್ಲಿದ್ದಿರಿ? ನಿಮ್ಮಲ್ಲಿರುವ ಬಲ ಆ ಅಜ್ಜಿಗಿಂತ ನೂರು ಪಾಲು. ಎದ್ದದ್ದು ಅವಳು.

ಈ ಸಲ ನೀವು ಹೋಗಿ. ತಿಂಗಳಿಗೂ ಮುಂಚೆಯೇ ಪಂಚಾಯಿತಿಯ ಕಾಮಗಾರಿ ಪಟ್ಟಿ ಕೇಳಿ ತೆಗೆದುಕೊಳ್ಳಿ, ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪಟ್ಟಿ ಹಿಡಿದು ಊರು ಸುತ್ತಿ, ಚರಂಡಿಯನ್ನು ಹೆಜ್ಜೆಯಿಂದ ಅಳೆಯಿರಿ. ಪೇಟೆಯಲ್ಲಿದ್ದರೆ ವಾರ್ಡ್ ಸಮಿತಿಯ ಸಭೆ ಯಾವಾಗ ಎಂದು ವಿಚಾರಿಸಿ. ಅಲ್ಲಿಂದ ಜಿಲ್ಲೆಗೆ, ರಾಜ್ಯದ ಬಜೆಟ್ಟಿಗೆ, ದೇಶದ ಸಾಲದ ಪಟ್ಟಿಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ. ನಿಮ್ಮ ಮೆಚ್ಚಿನ ಪಕ್ಷದವರು ಆಳುವಾಗಲೂ ಕೇಳಿ, ಆಗಲೇ ಹೆಚ್ಚು ಕೇಳಿ. ಪಕ್ಕದ ಮನೆಯ ಹುಡುಗಿಯನ್ನೂ ಕರೆದುಕೊಂಡು ಹೋಗಿ, ಒಂದು ನೋಟ್‌ಬುಕ್ಕು, ಒಂದು ಪೆನ್ನು ಜೊತೆಗಿರಲಿ. ಆ ಅಜ್ಜಿ ಹಿಂದಿನ ಸಾಲಿನಲ್ಲೇ ಕೂತಿರುತ್ತಾಳೆ. ಅವಳ ಪಕ್ಕದ ಕುರ್ಚಿಗಳು ಖಾಲಿ ಇವೆ.