ಹೊಸ ಮನೆಯ ಅಡಿಗೆಮನೆ

ಈ ಹೊತ್ತು ನಾನು ಮಾತನಾಡಬೇಕೆಂದಿರುವ ವಿಷಯವು ಕಾವ್ಯವೂ ಅಲ್ಲ, ತತ್ತ್ವವೂ ಅಲ್ಲ. ಒಲೆ, ಬಚ್ಚಲು, ರೊಟ್ಟಿಯ ಹೆಂಚು, ಇವುಗಳ ವಿಚಾರ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳತಕ್ಕವನಿಗೆ ಅಡಿಗೆಮನೆಯ ಗೊಡವೆ ಏಕೆಂದು ಕೆಲವರಿಗೆ ತೋರಬಹುದು. ನನಗೂ ಎರಡು ವರ್ಷಗಳ ಹಿಂದೆ ಹಾಗೆಯೇ ತೋರುತ್ತಿತ್ತು. ಮನೆ ಕಟ್ಟಲು ಹೊರಟ ಮೇಲೆ ನನ್ನ ಅಜ್ಞಾನವು ನನಗೇ ತಿಳಿಯಿತು. ಆ ಅಜ್ಞಾನವನ್ನು ತಮ್ಮೊಡನೆ ಹಂಚಿಕೊಂಡರೆ, ಮನೆ ಕಟ್ಟಿಸಬೇಕೆಂದಿರುವ ನಾಲ್ಕು ಮಂದಿಗಾದರೂ ಪ್ರಯೋಜನವಾದೀತೆಂಬುದೇ ಈ ಭಾಷಣದ ಉದ್ದೇಶ.

ನಮ್ಮ ಊರು ಕೊಪ್ಪಳ ಜಿಲ್ಲೆಯ ಕುಕನೂರು. ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯವನ್ನು ಕಂಡವರಿಗೆ ಈ ಊರು ಪರಿಚಿತವೇ ಆಗಿದೆ. 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯವೂ ಇಲ್ಲಿಗೆ ಸಮೀಪವೇ. ಕಲ್ಲಿನಲ್ಲಿ ಇಷ್ಟು ಸೂಕ್ಷ್ಮವಾಗಿ ಬೆಳಕನ್ನೂ ನೆರಳನ್ನೂ ಅಳೆದ ನಾಡಿನಲ್ಲಿ, ಹೆಂಗಸರು ದಿನದ ಅರ್ಧ ಕಾಲವನ್ನು ಕಳೆಯತಕ್ಕ ಕೋಣೆಯನ್ನು ಮಾತ್ರ ಯಾರೂ ಅಳೆಯಲಿಲ್ಲವೆಂದರೆ ಆಶ್ಚರ್ಯವಲ್ಲವೆ?

ನಾನು ಹುಟ್ಟಿ ಬೆಳೆದುದು ಮಣ್ಣಿನ ಮಾಳಿಗೆಯ ಮನೆಯಲ್ಲಿ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಎಲ್ಲಕ್ಕೂ ಹಿಂದೆ ಅಡಿಗೆಮನೆ. ಅಲ್ಲಿ ಹಗಲಿನಲ್ಲಿಯೂ ಕತ್ತಲೆ. ಮೇಲಿನ ಬೆಳಕಿಂಡಿಯಿಂದ ಒಂದು ಬಿಸಿಲಕೋಲು ಇಳಿಯುತ್ತಿತ್ತು. ಆ ಕೋಲಿನೊಳಗೆ ಹೊಗೆಯು ಸುರುಳಿ ಸುರುಳಿಯಾಗಿ ಏರುವುದನ್ನು ನೋಡುತ್ತ ನಾನು ಪಾಠ ಓದುತ್ತಿದ್ದೆ. ಅದು ನನಗೆ ಸೊಗಸಾಗಿ ಕಾಣುತ್ತಿತ್ತು. ಹತ್ತಿಕಟ್ಟಿಗೆಯನ್ನೂ ಕುಳ್ಳನ್ನೂ ಒಲೆಗೆ ತುಂಬಿ ಊದುತ್ತಿದ್ದ ತಾಯಿಗೆ ಅದು ಹೇಗೆ ಕಾಣುತ್ತಿತ್ತೆಂದು ನಾನು ಕೇಳಿದವನಲ್ಲ. ಈಚೆಗೆ ಆಕೆಯ ಎರಡು ಕಣ್ಣುಗಳಿಗೂ ಪೊರೆ ಬಂದು ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, “ಎಷ್ಟು ವರ್ಷ ಕಟ್ಟಿಗೆಯ ಒಲೆಯ ಮುಂದೆ ಕೂತಿದ್ದೀರಿ?” ಎಂಬುದು. ತಾಯಿ ನಕ್ಕು, “ಲೆಕ್ಕ ಯಾರ ಇಟ್ಟಾರ್ರೀ?” ಎಂದಳು. ಕಟ್ಟಿಗೆ ಕುಳ್ಳುಗಳ ಹೊಗೆಯು ಶ್ವಾಸಕೋಶವನ್ನು ಕೆಡಿಸುತ್ತದೆ, ಎಳೆಯ ಮಕ್ಕಳಲ್ಲಿ ನ್ಯುಮೋನಿಯಾಕ್ಕೆ ದಾರಿಮಾಡುತ್ತದೆ, ಕಣ್ಣಿನ ಪೊರೆಗೂ ಕಾರಣವಾಗಬಲ್ಲದು ಎಂಬುದನ್ನು ಇಂದಿನ ವೈದ್ಯಶಾಸ್ತ್ರವು ಒಪ್ಪಿಕೊಂಡಿದೆ.

ಇದು ಹಿಂದೆ ಯಾರಿಗೂ ಹೊಳೆಯಲಿಲ್ಲವೆಂದಲ್ಲ. ನಮ್ಮ ಊರು 1956ರವರೆಗೆ ಹೈದರಾಬಾದ್ ಸಂಸ್ಥಾನದ, ಬಳಿಕ ಹೈದರಾಬಾದ್ ರಾಜ್ಯದ ಸೀಮೆಗೆ ಸೇರಿತ್ತು. ಅದೇ ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಡಾಕ್ಟರ್ ಎಸ್. ಪಿ. ರಾಜು ಅವರು, ಮಣ್ಣಿನಿಂದಲೇ ಕಟ್ಟಿಕೊಳ್ಳಬಹುದಾದ, ಹೊಗೆಕೊಳವೆಯುಳ್ಳ ಒಲೆಯೊಂದನ್ನು ರೂಪಿಸಿ, 1950ರ ದಶಕದಲ್ಲಿ ಅದನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಬರೆದರು. ಅನಂತರ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳ ಉಪಯೋಗಕ್ಕೆಂದು ಹುಟ್ಟಿದ ‘ಅಸ್ತ್ರ’ ಎಂಬ ವಿಭಾಗದವರು, ಒಂದೇ ಉರಿಯಲ್ಲಿ ಮೂರು ಪಾತ್ರೆಗಳು ಕಾಯುವಂಥ ‘ಅಸ್ತ್ರ ಒಲೆ’ಯನ್ನು ಸಿದ್ಧಪಡಿಸಿದರು. ಬಡ ಮನೆಗಳಿಗೆ ಅಡಿಗೆಯ ಅನಿಲವನ್ನು ಮುಟ್ಟಿಸುವ ಉಜ್ವಲಾ ಯೋಜನೆಯು 2016ರಲ್ಲಿ ಆರಂಭವಾಯಿತು. ಸಾಧನಗಳು ಬಂದುವು, ಆದರೆ ಅಡಿಗೆಮನೆಯನ್ನು ಕುರಿತ ನಮ್ಮ ಯೋಚನೆ ಮಾತ್ರ ಹಿಂದಿನ ಸ್ಥಳದಲ್ಲಿಯೇ ನಿಂತಿತು.

ಹೇಗೆಂದರೆ, ಹೊಸ ಮನೆಯ ನಕ್ಷೆಯನ್ನು ನಾನು ಗೆಳೆಯರಿಗೆ ತೋರಿಸಿದೆ, ಬಂಧುಗಳಿಗೆ ತೋರಿಸಿದೆ, ವಾಸ್ತು ಬಲ್ಲವರಿಗೂ ತೋರಿಸಿದೆ. ಅಡಿಗೆಮನೆ ಆಗ್ನೇಯ ಮೂಲೆಗೆ ಬಂದಿತೆಂದು ಎಲ್ಲರಿಗೂ ಸಮಾಧಾನವಾಯಿತು. ಇದು ಕೇವಲ ನಂಬಿಕೆಯ ಮಾತಲ್ಲ. ಬೆಳಗಿನ ಬಿಸಿಲು ಆ ಮೂಲೆಗೆ ಬೀಳುತ್ತದೆ, ಮಳೆಗಾಲದ ಗಾಳಿ ಪಡುವಣ ಕಡೆಯಿಂದ ಬೀಸುವುದರಿಂದ ಹೊಗೆಯು ಒಳಮನೆಗೆ ಬರುವುದೂ ಕಡಮೆ. ಕೊನೆಗೆ ಒಂದು ರಾತ್ರಿ ಆ ಕಾಗದವನ್ನು ತಾಯಿಯ ಮುಂದೆ ಹರಡಿದೆ. ಆಕೆ ಬೆರಳಿನಿಂದ ಗೆರೆಗಳನ್ನು ತಡವಿ, “ತಮ್ಮಾ, ಇದರಾಗ ರೊಟ್ಟಿ ಎಲ್ಲಿ ಕುಂತು ಬಡೀಬೇಕೋ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಕ್ಷೆಯಲ್ಲಿ ಗೋಡೆಯುದ್ದಕ್ಕೂ ಒಂದು ಎತ್ತರದ ಕಟ್ಟೆ ಇತ್ತು. ಮೊಣಕಾಲು ನೋವಿನ ತಾಯಿ ಅದರ ಮುಂದೆ ನಿಲ್ಲಲಾರಳು. ಐವತ್ತು ವರ್ಷ ಮನೆಗೆ ರೊಟ್ಟಿ ಹಾಕಿದವಳಿಗೆ ಹೊಸ ಮನೆಯಲ್ಲಿ ಸ್ಥಳವೇ ಇರಲಿಲ್ಲ. ನನ್ನ ಹೆಂಡತಿಯೂ ಆಗಲೇ ಬಾಯಿ ತೆರೆದು, “ಅತ್ತಿ ಕೇಳಿದ್ದು ಖರೇ ಐತಿ. ನನ್ನನ್ನೂ ಯಾರೂ ಕೇಳಲಿಲ್ಲ” ಎಂದಳು.

ಇಲ್ಲಿ ನನ್ನ ಇಂಗ್ಲಿಷ್ ಓದು ಸ್ವಲ್ಪ ನೆರವಿಗೆ ಬಂದಿತು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ 1926ರಲ್ಲಿ ಮಾರ್ಗರೆಟೆ ಶ್ಯೂಟ್ಟೆ-ಲಿಹೊಟ್ಸ್ಕಿ ಎಂಬ ಮಹಿಳಾ ಶಿಲ್ಪಿ, ಕೆಲಸಗಾರರ ಮನೆಗಳಿಗಾಗಿ ಒಂದು ಅಡಿಗೆಮನೆಯನ್ನು ರೂಪಿಸಿದಳು. ರೈಲಿನ ಭೋಜನದ ಗಾಡಿಯಲ್ಲಿರುವ ಪುಟ್ಟ ಅಡಿಗೆಕೋಣೆಯೇ ಆಕೆಗೆ ಮಾದರಿ. ಅಗಲ ಸುಮಾರು ಆರು ಅಡಿ, ಉದ್ದ ಹನ್ನೊಂದು ಅಡಿ. ಕೈಚಾಚಿದರೆ ಎಲ್ಲವೂ ಸಿಕ್ಕುವಂತೆ ಇತ್ತು. ಅಂಥವು ಸುಮಾರು ಹತ್ತು ಸಾವಿರ ನಿರ್ಮಾಣವಾದುವು. ಅಡಿಗೆ ಮಾಡುವವಳು ಇಡುವ ಹೆಜ್ಜೆಗಳನ್ನು ಎಣಿಸಿ, ವ್ಯರ್ಥವಾದುವನ್ನು ಕಡಿಮೆ ಮಾಡಬೇಕೆಂಬುದೇ ಅದರ ತತ್ತ್ವ. ಆದರೆ ಆ ಕೋಣೆಯಲ್ಲಿ ಇಬ್ಬರು ನಿಲ್ಲುವುದು ಕಷ್ಟವೆಂಬ ಆಕ್ಷೇಪವೂ ಬಂದಿತು. ನಮಗೆ ಇದು ದೊಡ್ಡ ಕೊರತೆಯೇ ಸರಿ. ನಮ್ಮ ಕಡೆ ಒಬ್ಬಳು ರೊಟ್ಟಿ ಬಡಿಯುತ್ತಾಳೆ, ಇನ್ನೊಬ್ಬಳು ಬೇಯಿಸುತ್ತಾಳೆ. ಆದುದರಿಂದ ಫ್ರಾಂಕ್‌ಫರ್ಟಿನ ಅಳತೆ ನಮಗೆ ಬೇಡ. ಅಳೆಯುವ ಕ್ರಮ ಮಾತ್ರ ಬೇಕು.

ಒಂದು ಭಾನುವಾರ ನಾನು ಹಳೆಯ ಅಡಿಗೆಮನೆಯ ಬಾಗಿಲಲ್ಲಿ ಕಾಗದ ಹಿಡಿದು ಕುಳಿತೆನು. ಹಿಟ್ಟಿನ ಡಬ್ಬಿ ಒಂದು ಮೂಲೆಯಲ್ಲಿ, ನೀರು ಹಿತ್ತಿಲ ಬಾಗಿಲ ಬಳಿಯಲ್ಲಿ, ಒಲೆ ಇನ್ನೊಂದು ಗೋಡೆಗೆ. ಬೆಳಗಿನ ಒಂದು ಅಡಿಗೆ ಮುಗಿಯುವುದರೊಳಗೆ ನನ್ನ ಹೆಂಡತಿ ಒಲೆಗೂ ನೀರಿಗೂ ನಡುವೆ ಇಪ್ಪತ್ತಕ್ಕೂ ಹೆಚ್ಚು ಸಲ ತಿರುಗಾಡಿದಳು. ಅಡಿಗೆಮನೆಯಲ್ಲಿ ಮುಖ್ಯವಾದ ಸ್ಥಾನಗಳು ಮೂರು: ಸಾಮಾನು ಇಡುವುದು, ನೀರು ಬಳಸುವುದು, ಬೇಯಿಸುವುದು. ಇವು ಮೂರೂ ನಾಲ್ಕಾರು ಹೆಜ್ಜೆಗಳ ಅಂತರದಲ್ಲಿ ತ್ರಿಕೋನಾಕಾರವಾಗಿರಬೇಕು. ಆ ತ್ರಿಕೋನವನ್ನು ಸೀಳಿಕೊಂಡು ಬೇರೆಯವರು ಹಿತ್ತಿಲಿಗೆ ಹೋಗುವ ದಾರಿ ಇರಬಾರದು. ನಮ್ಮ ನಕ್ಷೆಯಲ್ಲಿ ಆ ದಾರಿ ನಡುವೆಯೇ ಇತ್ತು. ಬಾಗಿಲನ್ನು ಮೂರು ಅಡಿ ಸರಿಸಿದೆವು, ಖರ್ಚೇನೂ ಹೆಚ್ಚಲಿಲ್ಲ. ಕಾಗದದ ಮೇಲೆ ಬಾಗಿಲು ಸರಿಸುವುದಕ್ಕೆ ರಬ್ಬರು ಸಾಕು, ಗೋಡೆ ಎದ್ದ ಮೇಲೆ ಗುದ್ದಲಿ ಬೇಕು.

ಇನ್ನು ಕಟ್ಟೆಯ ಎತ್ತರ. ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಎತ್ತರದ ಕಟ್ಟೆಯನ್ನು ಕಟ್ಟಿಬಿಡುತ್ತಾರೆ. ಹೆಚ್ಚುವುದಕ್ಕೆ ಕಟ್ಟೆಯು ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗಿರಬೇಕು. ನಾದುವುದಕ್ಕೂ ಬಡಿಯುವುದಕ್ಕೂ ಮೈಭಾರ ಬೀಳಬೇಕಾದುದರಿಂದ ಇನ್ನೂ ಕೆಳಗಿರಬೇಕು. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲ. ಬಿಸಿನೀರು ಹಾಕಿ ಚೆನ್ನಾಗಿ ನಾದಿದರೇ ಅದು ಕೂಡಿಕೊಳ್ಳುವುದು. ಈ ಕೆಲಸವನ್ನು ಮರೆತು ಕಟ್ಟಿದ ಅಡಿಗೆಮನೆಯು ನಮ್ಮ ಸೀಮೆಯದಲ್ಲ. ಆದುದರಿಂದ ನಾವು ಎರಡು ಕಟ್ಟೆಗಳನ್ನು ಮಾಡಿದೆವು. ಒಲೆಯ ಕಟ್ಟೆ ಮೂವತ್ತೆರಡು ಅಂಗುಲ. ಅದಕ್ಕೆ ಹೊಂದಿಕೊಂಡು ರೊಟ್ಟಿಯ ಕಟ್ಟೆ ಇಪ್ಪತ್ತೆಂಟು ಅಂಗುಲ, ಅದರ ಕೆಳಗೆ ಕಾಲು ಚಾಚಲು ಖಾಲಿ ಸ್ಥಳ. ತಾಯಿ ಅಲ್ಲಿ ಸ್ಟೂಲಿನ ಮೇಲೆ ಕುಳಿತು ಬಡಿದು, ಪಕ್ಕದಲ್ಲಿ ನಿಂತ ಸೊಸೆಯ ಕೈಗೆ ರೊಟ್ಟಿ ಕೊಡಬಹುದು. ತಾಯಿ ಇಲ್ಲದ ದಿನ ಸೊಸೆಯೇ ನಿಂತು ಬಡಿಯಬಹುದು. ಕಟ್ಟೆಗೆ ಕುಷ್ಟಗಿ-ಇಳಕಲ್ ಕಡೆಯ ಗ್ರಾನೈಟ್ ಹಾಸಿದೆವು. ಕಡಪ ಕಲ್ಲಿಗೆ ಬೆಲೆ ಕಡಮೆಯಾದರೂ ಅದು ಸುಣ್ಣದ ಜಾತಿಯದು. ನಿಂಬೆ ಹುಣಿಸೆಗಳ ಹುಳಿ ಅದನ್ನು ತಿನ್ನುತ್ತದೆ.

ಗಾಳಿಯ ವಿಷಯದಲ್ಲಿ ನಮ್ಮ ಹಿರಿಯರು ನಮಗಿಂತ ಜಾಣರು. ಬಿಸಿಯಾದ ಹೊಗೆ ಮೇಲಕ್ಕೇರುವುದೆಂದು ತಿಳಿದೇ ಮಾಳಿಗೆಯಲ್ಲಿ ಬೆಳಕಿಂಡಿ ಇಟ್ಟಿದ್ದರು. ನಾವು ಕಾಂಕ್ರೀಟು ಹಾಕಿ ಅದನ್ನು ಮುಚ್ಚಿದೆವು. ಒಗ್ಗರಣೆಯ ಘಾಟು ಪಡಸಾಲೆಗೆ ಬರತೊಡಗಿತು. ಒಲೆಯ ಬಳಿ ಗೋಡೆಯ ಮೇಲ್ಭಾಗದಲ್ಲಿ ಗಾಳಿ ಹೊರದೂಡುವ ಫ್ಯಾನು, ಎದುರು ಬದಿಯಲ್ಲಿ ಗಾಳಿ ಒಳಬರಲು ಕಿಟಕಿ, ಇವೆರಡೂ ಇರಬೇಕು. ಒಳಗೆ ಬರಲು ದಾರಿಯಿಲ್ಲದಿದ್ದರೆ ಫ್ಯಾನು ಸುತ್ತಿದರೂ ಫಲವಿಲ್ಲ. ಅಡಿಗೆಯ ಅನಿಲವಾದರೋ ಗಾಳಿಗಿಂತ ಭಾರವಾದುದು; ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಆದುದರಿಂದ ನೆಲದ ಮಟ್ಟದಲ್ಲಿಯೂ ಒಂದು ಜಾಲರಿ ಬೇಕು. ಸಿಲಿಂಡರು ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು, ರಬ್ಬರಿನ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ವಿದ್ಯುತ್ ಉಪಕರಣಗಳನ್ನು ಅಂಗಡಿಯಲ್ಲಿ ನೋಡಿ ಆರಿಸಿ, ಆಮೇಲೆ ಅವಕ್ಕೆ ಸ್ಥಳ ಹುಡುಕುವುದು ನಮ್ಮ ಪದ್ಧತಿ. ಇದು ತಿರುಗುಮುರುಗು. ಗೋಡೆಗೆ ಗಿಲಾವು ಮಾಡುವ ಮೊದಲೇ ಯಾವುದು ಎಲ್ಲಿ ನಿಲ್ಲುವುದೆಂದು ನಿಶ್ಚಯಿಸಬೇಕು. ಇಂಡಕ್ಷನ್ ಒಲೆ ಎರಡು ಸಾವಿರ ವ್ಯಾಟ್ ಎಳೆಯುತ್ತದೆ, ಎಂದರೆ ಸುಮಾರು ಒಂಬತ್ತು ಆಂಪಿಯರ್. ಸಾಮಾನ್ಯವಾದ ಆರು ಆಂಪಿಯರಿನ ಪ್ಲಗ್ಗು ಅದಕ್ಕೆ ಸಾಲದು, ಹದಿನಾರರದು ಬೇಕು. ಅರ್ಧ ಗಂಟೆ ಪೂರ್ಣ ಉರಿಸಿದರೆ ಒಂದು ಯೂನಿಟ್ ವಿದ್ಯುತ್ತು. ಅನ್ನ, ಸಾರು, ಹಾಲುಗಳಿಗೆ ಅದು ಒಳ್ಳೆಯದೇ. ಆದರೆ ಮಣ್ಣಿನ ಹೆಂಚು ಅದರ ಮೇಲೆ ಕಾಯದು. ಕಬ್ಬಿಣದ್ದು ಕಾದರೂ, ರೊಟ್ಟಿ ಉಬ್ಬುವುದಕ್ಕೆ ಬೇಕಾದ ಬಯಲುರಿ ಅಲ್ಲಿಲ್ಲ. ನಮ್ಮ ಮನೆಗೆ ಎರಡೂ ಬೇಕಾದುವು. ಶೀತಕಪೆಟ್ಟಿಗೆಯನ್ನು ಒಲೆಯ ಪಕ್ಕದಲ್ಲಿಡಬಾರದು, ಅದರ ಹಿಂದೆ ಗಾಳಿಯಾಡಲು ಅಂತರ ಬಿಡಬೇಕು, ಭೂಸಂಪರ್ಕದ ತಂತಿಯನ್ನು ತಪ್ಪದೆ ಹಾಕಿಸಬೇಕು.

ನೀರಿನ ಮಾತನ್ನು ಹೇಳದಿದ್ದರೆ ಈ ಭಾಷಣ ಅಪೂರ್ಣವಾದೀತು. ಕೊಪ್ಪಳ ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಾದರೆ ಹಲ್ಲಿಗೂ, ಬಹುಕಾಲದಲ್ಲಿ ಎಲುಬಿಗೂ ಅಪಾಯ. ಕಾಯಿಸಿ ಕುಡಿದರಾಯಿತೆಂದು ಹಲವರು ತಿಳಿದಿದ್ದಾರೆ. ಕಾಯಿಸಿದರೆ ರೋಗಾಣುಗಳು ಸಾಯುತ್ತವೆ. ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಅದರ ಪ್ರಮಾಣ ಏರುತ್ತದೆ. ಆದುದರಿಂದ ಮೊದಲು ನೀರನ್ನು ಪರೀಕ್ಷೆ ಮಾಡಿಸಿ, ಆಮೇಲೆ ಶುದ್ಧಿಯಂತ್ರವನ್ನು ಕೊಳ್ಳಬೇಕು. ಆರ್. ಓ. ಯಂತ್ರವು ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯಬಲ್ಲದು. ಆದರೆ ಬಹಳ ನೀರನ್ನು ಹೊರಚೆಲ್ಲುತ್ತದೆ. ಆ ನೀರನ್ನು ಹಂಡೆಯಲ್ಲಿ ಹಿಡಿದು ನೆಲ ತೊಳೆಯಲು ಬಳಸುವ ಏರ್ಪಾಡನ್ನು ನಕ್ಷೆಯಲ್ಲಿಯೇ ಮಾಡಬೇಕು. ಮಳೆ ಕಡಮೆಯಾದ ನಾಡಿನಲ್ಲಿ ಇದು ಜಿಪುಣತನವಲ್ಲ.

ಇಷ್ಟಕ್ಕೆಲ್ಲ ಹಣವೆಲ್ಲಿಂದ ಎಂದು ತಾವು ಕೇಳಬಹುದು. ಪಡಸಾಲೆಯ ಛಾವಣಿಗೆ ಅಲಂಕಾರ ಮಾಡಿಸಬೇಕೆಂದು ನಾನು ಬಹಳ ಆಸೆಪಟ್ಟಿದ್ದೆ. ಅದನ್ನು ಕೈಬಿಟ್ಟೆನು. ವರ್ಷಕ್ಕೆ ಹತ್ತು ಸಲ ಬರುವ ಅತಿಥಿಯ ಕಣ್ಣಿಗಿಂತ, ದಿನಕ್ಕೆ ಎರಡು ಸಲ ಒಲೆ ಹೊತ್ತಿಸುವವರ ಕಣ್ಣು ದೊಡ್ಡದೆಂದು ನನಗೆ ತಡವಾಗಿಯಾದರೂ ತಿಳಿಯಿತು.

ಗೃಹಪ್ರವೇಶವಾದ ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಕೇಳಿ ನಾನು ಒಳಗೆ ಹೋದೆನು. ತಾಯಿ ತಗ್ಗಿನ ಕಟ್ಟೆಯ ಮುಂದೆ ಕುಳಿತಿದ್ದಳು; ಮುಖದ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಹೇಗಿದೆಯೆಂದು ಕೇಳಿದೆ. “ಚಲೋ ಐತಿ. ಆದರ ಈ ಕಿಟಕಿ ಮೊದಲ ಇದ್ದಿದ್ದರ…” ಎಂದು ಅರ್ಧಕ್ಕೆ ನಿಲ್ಲಿಸಿ, ಮುಂದಿನ ಉಂಡೆಗೆ ಕೈಹಾಕಿದಳು. ಆ ವಾಕ್ಯವನ್ನು ಪೂರ್ಣಮಾಡಲು ನನ್ನಿಂದ ಆಗಲಿಲ್ಲ. ಮನೆ ಕಟ್ಟಿಸಬೇಕೆಂದಿರುವ ಮಹನೀಯರಲ್ಲಿ ನನ್ನ ಬಿನ್ನಹ ಇಷ್ಟೇ: ನಕ್ಷೆಯನ್ನು ಯಾರಿಗೆ ಬೇಕಾದರೂ ತೋರಿಸಿರಿ, ಆದರೆ ಅಡಿಗೆ ಮಾಡತಕ್ಕವರಿಗೆ ಮೊದಲು ತೋರಿಸಿರಿ.