ತಾತನ ಕೋವಿ, 30 ಇಂಚಿನ ನಳಿಗೆ, ಕೆರೆಯ ಬಾತು

ಭಾರತೀನಗರದಿಂದ ಮಾತಾಡ್ತಾ ಇದ್ದೀನಿ. ಬೋರ್ಡಿನಲ್ಲಿ ಭಾರತೀನಗರ, ನಮ್ಮೋರ ಬಾಯಲ್ಲಿ ಇವತ್ತಿಗೂ ಕೆ.ಎಂ. ದೊಡ್ಡಿ. ಮಧ್ಯೆ ಕಬ್ಬಿನ ಟ್ರ್ಯಾಕ್ಟರ್ ಸದ್ದು ಬಂದ್ರೆ ಸ್ವಲ್ಪ ಸಹಿಸ್ಕೊಳ್ಳಿ, ಫ್ಯಾಕ್ಟರಿ ಸೀಸನ್ನು.

ಈ ವಾರ ಒಬ್ಬ ಹುಡುಗ ವಾಯ್ಸ್ ನೋಟ್ ಕಳಿಸಿದ್ದ. ಹೆಸರು ಬೇಡ. ಅವನ ಮಾತು ಹೀಗಿತ್ತು: "ಅಣ್ಣ, ನಮ್ಮ ತಾತಂದು ಜೋಡುನಳಿಗೆ ಕೋವಿ ಐತೆ, 12 ಬೋರು, ನಳಿಗೆ 30 ಇಂಚು. ತಾತಂಗೆ 74 ವರ್ಷ, ನಂಗೆ ಕೊಟ್ಬುಡ್ತೀನಿ ಅಂತವ್ರೆ. ಯೂಟ್ಯೂಬಲ್ಲಿ ಅಮೆರಿಕದೋರು ಬಾತುಕೋಳಿಗೆ 28 ಇಂಚು ಬೆಸ್ಟ್ ಅಂತಾರೆ. ಎರಡಿಂಚು ಕುಯ್ಸಿಬುಡ್ಲಾ?"

ಈ ಹುಡುಗ ಒಂದೇ ಉಸಿರಲ್ಲಿ ಎರಡು ಜೈಲಿನ ಬಾಗಿಲು ತಟ್ಟಿದಾನೆ. ಅವನೊಬ್ಬನೇ ಅಲ್ಲ, ಆ ವಿಡಿಯೋಗಳನ್ನ ನಮ್ಮ ಕಡೆ ತುಂಬಾ ಜನ ನೋಡ್ತಾರೆ. ಅದಕ್ಕೇ ಇವತ್ತು ಇದನ್ನೇ ಬಿಡಿಸಿ ಹೇಳ್ತೀನಿ.

ಮೊದಲು ಬಾತಿನ ವಿಷಯ. ಅಮೆರಿಕದಲ್ಲಿ ಬಾತುಬೇಟೆಗೆ ಸೀಸನ್ ಇದೆ, ಲೈಸೆನ್ಸ್ ಇದೆ, ದಿನಕ್ಕೆ ಇಷ್ಟೇ ಹಕ್ಕಿ ಅನ್ನೋ ಮಿತಿ ಇದೆ. ನಮ್ಮಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಸಣ್ಣ ಬೇಟೆ, ದೊಡ್ಡ ಬೇಟೆ ಅಂತ ಲೈಸೆನ್ಸ್ ಕೊಡೋ ಅವಕಾಶ ಇತ್ತು. 1991ರ ತಿದ್ದುಪಡಿಯಲ್ಲಿ ಅದು ಹೋಯ್ತು. ಅಂದ್ರೆ ನಾನು, ನೀವು ಹುಟ್ಟೋ ಮುಂಚೆನೇ ಆ ಅಂಗಡಿ ಮುಚ್ಚಿದೆ. ನಮ್ಮ ಕೆರೆಗಳಿಗೆ ಬರೋ ವರಟೆ, ಶಿಳ್ಳೆಬಾತು, ಸೂಜಿಬಾಲದ ಬಾತು, ನಾಮದಕೋಳಿ, ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು, ಯಾವುದಕ್ಕೂ ಗುರಿ ಇಡೋ ಹಾಗಿಲ್ಲ. ಬಂದೂಕೇ ಆಗಬೇಕಂತಿಲ್ಲ, ಉರುಳು ಹಾಕಿದ್ರೂ, ಗೂಡಿಂದ ಮೊಟ್ಟೆ ತೆಗೆದ್ರೂ ಕಾಯ್ದೆ ಅದನ್ನ ಬೇಟೆ ಅಂತಲೇ ಕರೆಯುತ್ತೆ.

ಹಾಗಾದ್ರೆ ನಳಿಗೆ ಉದ್ದದ ಪ್ರಶ್ನೆ ಸುಮ್ನೆನಾ? ಇಲ್ಲ. ಉದ್ದ ನಳಿಗೆ ಇದ್ರೆ ದೂರ ಹೊಡೆಯುತ್ತೆ ಅನ್ನೋದನ್ನ ನಮ್ಮೂರಲ್ಲಿ ಬೆಳೆ ಕಾಯೋ ಕೋವಿ ಇಟ್ಕೊಂಡಿರೋ ಹಿರಿಯರೂ ನಂಬ್ತಾರೆ. ಆ ನಂಬಿಕೆ ಎಲ್ಲಿಂದ ಬಂತು ಅಂತ ನೋಡೋಣ.

ಕೇಪಿನ ಕೋವಿ ಕಾಲದಲ್ಲಿ ಅದರಲ್ಲಿ ಸ್ವಲ್ಪ ಸತ್ಯ ಇತ್ತು. ಬಾಯಿಂದ ಕರಿಮದ್ದು ತುಂಬಿ ಗಜದಲ್ಲಿ ಜಡಿತಿದ್ರಲ್ಲ, ಆ ಕೋವಿ. ಅದರ ವೇಗ ನಳಿಗೆ ಉದ್ದವಾದಷ್ಟೂ ಸ್ವಲ್ಪ ಸ್ವಲ್ಪ ಏರ್ತಿತ್ತು. ಈಗಿನ ತೋಟಾದಲ್ಲಿ ಇರೋದು ಹೊಗೆರಹಿತ ಮದ್ದು. ಅದು ನಳಿಗೆಯ ಮೊದಲ ಭಾಗದಲ್ಲೇ ಹೆಚ್ಚುಕಮ್ಮಿ ಉರಿದು ಮುಗಿಯುತ್ತೆ. ಆಮೇಲೆ ಸೇರಿಸೋ ಒಂದೊಂದು ಇಂಚಿಗೂ ಚರೆಯ ವೇಗ ಹೆಚ್ಚಾಗೋದು ಸೆಕೆಂಡಿಗೆ ಸುಮಾರು 5ರಿಂದ 10 ಅಡಿ. ತೋಟಾದ ಒಟ್ಟು ವೇಗ ಸೆಕೆಂಡಿಗೆ 1200, 1300 ಅಡಿ ಇರುವಾಗ 28ಕ್ಕೂ 30ಕ್ಕೂ ಇರೋ ವ್ಯತ್ಯಾಸ ಎಷ್ಟಾಯ್ತು? ನಾನು ಓದಿರೋದು ಬಿ.ಕಾಂ., ನಂಗೇ ಗೊತ್ತಾಗುತ್ತೆ: ಲಕ್ಷದ ಬಿಲ್ಲಿನಲ್ಲಿ ಸಾವಿರ ರೂಪಾಯಿ ಡಿಸ್ಕೌಂಟ್ ಇದ್ದ ಹಾಗೆ. ಹಕ್ಕಿಗೂ ಗೊತ್ತಾಗಲ್ಲ, ಹೊಡೆಯೋನಿಗೂ ಗೊತ್ತಾಗಲ್ಲ.

ಚರೆ ಎಷ್ಟು ಹರಡುತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಉದ್ದ ಅಲ್ಲ, ಚೋಕ್. ಅಂದ್ರೆ ನಳಿಗೆಯ ತುದಿಯಲ್ಲಿ ಒಳಗಡೆ ಇರೋ ಸಣ್ಣ ಬಿಗಿತ. 40 ಗಜ ದೂರದಲ್ಲಿ 30 ಇಂಚು ಅಗಲದ ವೃತ್ತ ಬರೆದ್ರೆ, ಫುಲ್ ಚೋಕ್ ಇರೋ ನಳಿಗೆ ಸುಮಾರು 70% ಚರೆಯನ್ನ ಅದರೊಳಗೆ ಹಾಕುತ್ತೆ. ಮಾಡಿಫೈಡ್ ಚೋಕ್ ಸುಮಾರು 60%. ತಾತನ ಜೋಡುನಳಿಗೆಯಲ್ಲಿ ಬಹುಶಃ ಒಂದು ನಳಿಗೆ ಬಿಗಿ, ಇನ್ನೊಂದು ಸಡಿಲ ಇರುತ್ತೆ. ಹಳೇ ಜೋಡುನಳಿಗೆಗಳಲ್ಲಿ ಅದು ಮಾಮೂಲಿ. ಈಗ ತುದಿಯ ಎರಡಿಂಚು ಕುಯ್ಸಿದ್ರೆ ಏನು ಹೋಗುತ್ತೆ ಹೇಳಿ? ಚೋಕ್ ಇರೋದೇ ಆ ಎರಡಿಂಚಿನಲ್ಲಿ. ಬೆಸ್ಟ್ ಮಾಡೋಕೆ ಹೋಗಿ ಕೋವಿನ ಕೊಳಾಯಿ ಪೈಪ್ ಮಾಡ್ಕೊಂಡಂಗೆ.

ಮತ್ತೆ ಅಮೆರಿಕದೋರು 28, 30 ಅಂತ ಯಾಕೆ ಜಗಳ ಆಡ್ತಾರೆ? ತೂಕ ಮತ್ತೆ ಓಟಕ್ಕೆ. ಹಾರೋ ಹಕ್ಕಿಯ ಹಿಂದೆ ಕೋವಿ ತಿರುಗಿಸ್ತಾ ಹೋಗಬೇಕಲ್ಲ, ಉದ್ದ ನಳಿಗೆಯ ಮೂತಿ ಭಾರ, ಒಮ್ಮೆ ತಿರುಗೋಕೆ ಶುರುವಾದ್ರೆ ಮಧ್ಯೆ ನಿಲ್ಲಲ್ಲ, ನಯವಾಗಿ ಓಡುತ್ತೆ. ಗಿಡ್ಡ ನಳಿಗೆ ಬೇಗ ಏಳುತ್ತೆ, ಬೇಗ ತಡವರಿಸುತ್ತೆ. ದೋಣಿಯಲ್ಲಿ, ಹುಲ್ಲಿನ ಮರೆಯಲ್ಲಿ ಕೂರೋರಿಗೆ 26 ಅನುಕೂಲ. ಇನ್ನೊಂದು ವಿಷಯ ವಿಡಿಯೋದಲ್ಲಿ ಹೇಳಲ್ಲ: ಅವರ ಕೈಲಿರೋದು ಪಂಪ್ ಅಥವಾ ಆಟೋಮ್ಯಾಟಿಕ್. ಅದರ ಹಿಂಭಾಗದ ಕಬ್ಬಿಣದ ಪೆಟ್ಟಿಗೆಯೇ ಜೋಡುನಳಿಗೆಯದಕ್ಕಿಂತ ಮೂರ್ನಾಲ್ಕು ಇಂಚು ಉದ್ದ. ಹಾಗಾಗಿ ಅವರ 26 ಇಂಚಿನ ಪಂಪು, ತಾತನ 30 ಇಂಚಿನ ಜೋಡುನಳಿಗೆ, ಪಕ್ಕಪಕ್ಕ ಇಟ್ರೆ ಒಟ್ಟು ಉದ್ದ ಹೆಚ್ಚುಕಮ್ಮಿ ಒಂದೇ.

ದೂರದ ನಂಬಿಕೆಯಲ್ಲಿ ಇನ್ನೊಂದು ಅಪಾಯ ಇದೆ. ಹಕ್ಕಿಗೆ ಚರೆ ಸರಿಯಾಗಿ ತಾಗೋದು 40 ಗಜದವರೆಗೆ ಇರಬಹುದು, ಆದ್ರೆ ಚರೆ ಹೋಗಿ ಬೀಳೋದು 200 ಗಜ ದಾಟಿ. ನಮ್ಮ ಗದ್ದೆ ಬಯಲಲ್ಲಿ 200 ಗಜದಾಚೆ ಯಾರೋ ನೀರು ಕಟ್ತಿರ್ತಾರೆ, ಯಾರೋ ಹಸು ಹೊಡ್ಕೊಂಡು ಬರ್ತಿರ್ತಾರೆ. ಕೆರೆಗೆ ಬಿದ್ದ ಸೀಸದ ಚರೆ ಕೂಡ ಸುಮ್ನಿರಲ್ಲ. ಬಾತುಗಳು ಕಾಳು ಅರೆಯೋಕೆ ಸಣ್ಣ ಕಲ್ಲು ನುಂಗ್ತವೆ, ಅದರ ಜೊತೆ ಚರೆನೂ ನುಂಗಿ ಸೀಸದ ವಿಷಕ್ಕೆ ಸಾಯ್ತವೆ. ಬೇಟೆ ಇರೋ ಅಮೆರಿಕದಲ್ಲೇ 1991ರಿಂದ ಬಾತುಬೇಟೆಗೆ ಸೀಸದ ಚರೆ ನಿಷೇಧ.

ಇನ್ನು ಎರಡನೇ ಬಾಗಿಲು, ಕುಯ್ಸೋದು. ನಮ್ಮ ದೇಶದಲ್ಲಿ ನಿಜವಾಗಿ ಲೆಕ್ಕಕ್ಕೆ ಬರೋ ಇಂಚು 28 ಅಲ್ಲ, 20. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ರಕ್ಷಣೆಗೋ ಕ್ರೀಡೆಗೋ ಲೈಸೆನ್ಸ್ ಕೊಡೋ ಮಾತಾಡುವಾಗ, ಒಳಗೆ ಗೆರೆ ಇಲ್ಲದ ನಳಿಗೆಯ ಕೋವಿ 20 ಇಂಚಿಗೆ ಕಡಿಮೆ ಇರಬಾರದು ಅನ್ನುತ್ತೆ. "ನಂದು 28 ಆಗುತ್ತೆ, 20ಕ್ಕಿಂತ ಮೇಲೇ ಇದೆಯಲ್ಲ" ಅನ್ನೋ ಹಾಗೂ ಇಲ್ಲ. ಅದಕ್ಕೆಂದೇ ಬೇರೆ ಲೈಸೆನ್ಸ್ ಇಲ್ಲದೆ ಯಾವ ಕೋವಿಯ ನಳಿಗೆಯನ್ನೂ ಗಿಡ್ಡ ಮಾಡಬಾರದು ಅಂತ 6ನೇ ಕಲಂ ಹೇಳುತ್ತೆ. 2019ರ ತಿದ್ದುಪಡಿಯ ನಂತರ ಈ ತಪ್ಪಿಗೆ ಕನಿಷ್ಠ 7 ವರ್ಷ, ಹೆಚ್ಚಂದ್ರೆ ಜೀವಾವಧಿ. ವೆಲ್ಡಿಂಗ್ ಶಾಪಿನ ಹತ್ತು ನಿಮಿಷದ ಕೆಲಸಕ್ಕೆ ಏಳು ವರ್ಷ, ಗುರು.

ತಾತ "ಕೊಟ್ಬುಡ್ತೀನಿ" ಅಂದ ಮಾತ್ರಕ್ಕೆ ಕೋವಿ ಮೊಮ್ಮಗಂದು ಆಗಲ್ಲ. ಕೋವಿ ಆಸ್ತಿ, ಲೈಸೆನ್ಸ್ ಆಸ್ತಿ ಅಲ್ಲ, ಅದು ತಾತನ ಹೆಸರಿನ ಅನುಮತಿ. ಲೈಸೆನ್ಸ್ ಇರೋರಿಗೆ 70 ವರ್ಷ ಆಗಿದ್ರೆ, ಅಥವಾ ಆ ಕೋವಿ ಅವರ ಹತ್ರ 25 ವರ್ಷದಿಂದ ಇದ್ರೆ, ಬದುಕಿರುವಾಗಲೇ ವಾರಸುದಾರರಿಗೆ ಕೊಡೋಕೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ದಾರಿ ಇದೆ. ತಾತಂಗೆ 74, ಅರ್ಜಿ ಹಾಕಬಹುದು. ಹುಡುಗಂಗೆ 21 ತುಂಬಿರಬೇಕು. ಅರ್ಜಿ ಹೋಗೋದು ಜಿಲ್ಲಾಧಿಕಾರಿ ಕಚೇರಿಗೆ, ಪೊಲೀಸ್ ವರದಿ ಆಗುತ್ತೆ, ಕೋವಿ ಸುರಕ್ಷಿತವಾಗಿ ಹಿಡಿಯೋ ತರಬೇತಿಯ ಪತ್ರನೂ ಕೇಳ್ತಾರೆ. ಅಲ್ಲಿವರೆಗೆ ಅದನ್ನ ಹೆಗಲಿಗೆ ಹಾಕ್ಕೊಂಡು ಕೆರೆ ಏರಿ ಮೇಲೆ ರೀಲ್ಸ್ ಮಾಡಬೇಡ ತಮ್ಮ. ಕೇಸಿಗೆ ಸಾಕ್ಷಿ ನೀನೇ ಅಪ್‌ಲೋಡ್ ಮಾಡಿದಂಗೆ.

ಹಾರೋದನ್ನ ಹೊಡೀಬೇಕು ಅನ್ನೋ ಆಸೆ ಇದ್ರೆ, ಅದೇ 12 ಬೋರಿನ ಕ್ರೀಡೆ ಇದೆ, ಟ್ರ್ಯಾಪ್ ಮತ್ತು ಸ್ಕೀಟ್. ಹಕ್ಕಿ ಬದಲು ಹಾರಿಬಿಡೋ ತಟ್ಟೆ. ಅಥೆನ್ಸ್ 2004ರಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದಿದ್ದು ಡಬಲ್ ಟ್ರ್ಯಾಪ್‌ನಲ್ಲಿ. ಪ್ಯಾರಿಸ್ 2024ರ ಮಿಕ್ಸೆಡ್ ಸ್ಕೀಟ್‌ನಲ್ಲಿ ಅನಂತ್‌ಜೀತ್ ಸಿಂಗ್ ನರೂಕಾ, ಮಹೇಶ್ವರಿ ಚೌಹಾಣ್ ಜೋಡಿ ಕಂಚು ಕೂದಲೆಳೆಯಲ್ಲಿ ತಪ್ಪಿಸ್ಕೊಂಡು ನಾಲ್ಕನೇ ಜಾಗಕ್ಕೆ ಬಂತು. ನಳಿಗೆ ಉದ್ದದ ಚರ್ಚೆಗೆ ನಿಜವಾದ ಜಾಗ ಅದು: ದೂರ ಓಡೋ ಟ್ರ್ಯಾಪ್ ತಟ್ಟೆಗೆ 30, 32 ಇಂಚು ಇಷ್ಟಪಡ್ತಾರೆ, ಹತ್ತಿರದಲ್ಲೇ ಅಡ್ಡ ಹಾಯೋ ಸ್ಕೀಟ್ ತಟ್ಟೆಗೆ 28 ಹಿಡಿಯೋರು ಜಾಸ್ತಿ. ಖರ್ಚಿನ ಆಟ ಅನ್ನೋದೂ ನಿಜ, ತೋಟಾ ಲೆಕ್ಕ ಹಾಕಿದ್ರೆ ಕಬ್ಬಿನ ಬಿಲ್ಲು ಬರೋವರೆಗೂ ಕಾಯ್ಬೇಕು.

ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಹುಣಸೆ ಮರದಲ್ಲಿ ಗೂಡು ಕಟ್ಟೋ ಕೊಕ್ಕರೆ, ಹೆಜ್ಜಾರ್ಲೆಗಳನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಮರಿಗಳಿಗೆ ಮೀನು ಹುಡುಕ್ಕೊಂಡು ಅವು ಹೋಗೋದು ಶಿಂಷಾ ಹೊಳೆಗೆ, ಸುತ್ತಲ ಕೆರೆಗಳಿಗೆ. ಆ ಹುಡುಗ ಕೋವಿ ಹಿಡ್ಕೊಂಡು ಹೋಗ್ಬೇಕು ಅಂದ್ಕೊಂಡಿರೋದೂ ಅಂಥದ್ದೇ ಒಂದು ಕೆರೆಗೆ.